ಕ್ರೀಟ್‌ನ ಕಡಲತೀರದಲ್ಲಿ ಸಸ್ಯಾಹಾರಿಗಳ ಊಟ: ಒಳ್ಳೆಯ ತವೆರ್ನಾ ಹುಡುಕುವ ಬಗೆ

ಮ್ಯೂನಿಕ್‌ನಲ್ಲಿ ನೆಲೆಸಿರುವ ನಮಗೆ ಶಾಲೆಗೆ ರಜೆ ಬಂತೆಂದರೆ ಗ್ರೀಸಿನ ಕ್ರೀಟ್ ದ್ವೀಪವೇ ಹತ್ತಿರದ ಬಿಸಿಲು. ಶಿವಮೊಗ್ಗದಿಂದ ಅತ್ತೆ, ಮಾವ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗುತ್ತೇವೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ. ನನ್ನ ತಂಗಿಯ ಗಂಡ ಮಂಗಳೂರಿನವನು, ಮೀನಿಲ್ಲದಿದ್ದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಇವರಿಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, ಇಬ್ಬರಿಗೂ ಮನಸ್ಸು ತುಂಬುವ ಹಾಗೆ ಉಣಿಸಬಹುದಾದ ದೇಶ ಯುರೋಪಿನಲ್ಲಿ ಯಾವುದು ಎಂದು ಯಾರಾದರೂ ಕೇಳಿದರೆ ಹಿಂದೆಮುಂದೆ ನೋಡದೆ ಗ್ರೀಸ್ ಎನ್ನುತ್ತೇನೆ. ಆದರೆ ರೆಸಾರ್ಟ್ ಊರಿನ ಮುಖ್ಯರಸ್ತೆಯಲ್ಲಿ ಕಣ್ಣಿಗೆ ಬಿದ್ದ ಮೊದಲ ಹೋಟೆಲಿಗೆ ನುಗ್ಗುವವರಿಗೆ ಈ ಭರವಸೆ ಕೊಡಲಾರೆ. ಅಲ್ಲಿ ಸಸ್ಯಾಹಾರಿಗೆ ಸಿಗುವುದು ಚೀಸ್ ಪಿಜ್ಜಾ, ಕರಿದ ಆಲೂಗಡ್ಡೆ, ಸಪ್ಪೆ ಪಾಸ್ತಾ. ಒಳ್ಳೆಯ ಊಟ ನೂರಿನ್ನೂರು ಹೆಜ್ಜೆ ಒಳಗೆ, ಬೆಳಗ್ಗೆಯೇ ಬೇಯಿಸಿಟ್ಟ ದೊಡ್ಡ ತಟ್ಟೆಗಳಲ್ಲಿ ಇರುತ್ತದೆ. ಅದನ್ನು ಕೇಳಿ ಪಡೆಯುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಪ್ಲತಾನಿಯಾಸ್‌ನ ಬಗ್ಗೆ. ಹನಿಯಾ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದ ಊರು. ಕೆಳಗೆ ಕಡಲತೀರದ ಉದ್ದಕ್ಕೂ ಹೋಟೆಲು, ಬಾರು, ಚಪ್ಪಲಿ ಮತ್ತು ಈಜುಡುಪಿನ ಅಂಗಡಿಗಳು. ಮೇಲೆ ಗುಡ್ಡದಲ್ಲಿ ಹಳೆಯ ಹಳ್ಳಿ. ಹನಿಯಾದಿಂದ ಬಸ್ಸುಗಳು ಈ ಕರಾವಳಿ ರಸ್ತೆಯಲ್ಲೇ ಓಡಾಡುತ್ತವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಗಿಜಿಗುಡುವ ಊರು ಚಳಿಗಾಲದಲ್ಲಿ ಬಹುಮಟ್ಟಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಮಾಲಿಯಾ, ಹೆರ್ಸೋನಿಸೋಸ್ ಮೊದಲಾದ ಇತರ ರೆಸಾರ್ಟ್ ಊರುಗಳಿಗೂ ಇಲ್ಲಿ ಹೇಳುವ ಹೆಚ್ಚಿನ ಮಾತು ಅನ್ವಯಿಸುತ್ತದೆ.

ಜಾಗ ಆರಿಸುವುದು

ಬಾಗಿಲಲ್ಲಿ ನಿಂತು ‘ಬನ್ನಿ, ಬನ್ನಿ’ ಎಂದು ಕೈಹಿಡಿದು ಎಳೆಯುವವರಿದ್ದರೆ ನಗುತ್ತಾ ಕೈಮುಗಿದು ಮುಂದೆ ನಡೆಯಿರಿ. ಆರೇಳು ಭಾಷೆಗಳಲ್ಲಿ ಬಣ್ಣದ ಫೋಟೋ ಹಾಕಿದ ಮೆನು, ಒಂದೇ ಅಡುಗೆಮನೆಯಲ್ಲಿ ಗ್ರೀಕ್, ಇಟಾಲಿಯನ್, ಮೆಕ್ಸಿಕನ್ ಎಲ್ಲವೂ ಸಿಗುತ್ತದೆ ಎನ್ನುವ ಫಲಕ ಕಂಡರೂ ಅಷ್ಟೇ. ಅಷ್ಟೊಂದು ಬಗೆಯನ್ನು ಯಾರೂ ಆ ದಿನವೇ ಹೆಚ್ಚಿ ಬೇಯಿಸಲಾರರು.

ಗುಡ್ಡ ಹತ್ತಿ ಹಳೆಯ ಹಳ್ಳಿಗೆ ಹೋಗಿ, ಅಥವಾ ಕಡಲಿಗೆ ಬೆನ್ನು ಹಾಕಿ ಎರಡು ಓಣಿ ಒಳಗೆ ಹೋಗಿ. ‘ತವೆರ್ನಾ’ (ಅಲ್ಲಿನ ಸಾದಾ ಊಟದ ಹೋಟೆಲು) ಎಂಬ ಫಲಕದ ಕೆಳಗೆ ಮರದ ಕುರ್ಚಿಗಳು, ನಾಲ್ಕು ಮೂಲೆಗೆ ಕ್ಲಿಪ್ ಸಿಕ್ಕಿಸಿದ ಕಾಗದದ ಹಾಸು, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಉದ್ದನೆಯ ಲೋಹದ ತಟ್ಟೆಗಳು ಕಂಡರೆ ನಿಲ್ಲಿ. ಆ ತಟ್ಟೆಗಳೇ ಮುಖ್ಯ. ಬೆಳಗ್ಗೆ ಬೇಯಿಸಿಟ್ಟ ಅಡುಗೆಗೆ ಅಲ್ಲಿ ‘ಮಯಿರೆಫ್ತಾ’ ಎನ್ನುತ್ತಾರೆ. ಒಳಗೆ ಹೋಗಿ ನೋಡಬಹುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅಡುಗೆಮನೆಗೆ ಇಣುಕಿ, ಬೇಕಾದ್ದನ್ನು ಬೆರಳು ತೋರಿಸಿ ಕೇಳುವುದು ಗ್ರೀಸಿನಲ್ಲಿ ಹಳೆಯ ರೂಢಿ. ನಮ್ಮ ಅತ್ತೆಗೆ ಗ್ರೀಕ್ ಬರುವುದಿಲ್ಲ, ಅಡುಗೆಯವರಿಗೆ ಕನ್ನಡ ಬರುವುದಿಲ್ಲ. ಆ ಗಾಜಿನ ಮುಂದೆ ಇಬ್ಬರಿಗೂ ಭಾಷೆಯ ಕೊರತೆ ಕಾಣಿಸಿದ್ದೇ ಇಲ್ಲ.

ಹೊತ್ತಿನ ವಿಷಯವೂ ಇದಕ್ಕೇ ಸೇರಿದ್ದು. ಅಲ್ಲಿಯವರು ಮಧ್ಯಾಹ್ನ ಎರಡು ಮೂರು ಗಂಟೆಗೆ ಉಣ್ಣುತ್ತಾರೆ, ರಾತ್ರಿ ಒಂಬತ್ತರ ಮೇಲೆ. ಬೇಯಿಸಿಟ್ಟ ತರಕಾರಿ ಬೇಕಾದ ನಮ್ಮಂಥವರಿಗೆ ಮಧ್ಯಾಹ್ನವೇ ಒಳ್ಳೆಯದು, ಆಗ ತಟ್ಟೆಗಳು ತುಂಬಿರುತ್ತವೆ. ರಾತ್ರಿ ಹತ್ತಕ್ಕೆ ಹೋದರೆ ಒಳ್ಳೆಯವು ಖಾಲಿಯಾಗಿ, ಕೆಂಡದ ಮೇಲೆ ಸುಡುವ ಮಾಂಸವಷ್ಟೇ ಉಳಿದಿರುವ ಸಂಭವವಿದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಒಂದೂವರೆ ಗಂಟೆಗೇ ಹೋಗಿ ಕುಳಿತುಬಿಡಿ. ಮಧ್ಯಾಹ್ನದ ಊಟವನ್ನೇ ದೊಡ್ಡದಾಗಿ ಮಾಡಿ, ರಾತ್ರಿಗೆ ಹಣ್ಣು ಮೊಸರು ಸಾಕು.

ಮೆನುವಿನಲ್ಲಿ ಮೊದಲು ನೋಡಬೇಕಾದ್ದು

ಬೆಲೆಪಟ್ಟಿಯನ್ನು ಹೊರಗೇ ಇಟ್ಟಿರುತ್ತಾರೆ. ಕುಳಿತುಕೊಳ್ಳುವ ಮೊದಲು ಓದಿ. ‘ಕುವೆರ್’ ಎಂಬ ಸಾಲು ಇರುತ್ತದೆ, ಒಬ್ಬರಿಗೆ ಒಂದು ಯೂರೋ ಆಸುಪಾಸು. ಕೇಳದೆಯೇ ಬರುವ ಬ್ರೆಡ್ಡಿನ ಬುಟ್ಟಿ, ಅದರೊಳಗೇ ತುರುಕಿದ ಚಮಚ, ಕಾಗದದ ಕರವಸ್ತ್ರ ಇವುಗಳ ಲೆಕ್ಕ ಅದು. ಬ್ರೆಡ್ ಬೇಡವೆನಿಸಿದರೆ ತಂದ ಕೂಡಲೇ ಹೇಳಬೇಕು. ನಾನಂತೂ ಬೇಡವೆನ್ನುವುದಿಲ್ಲ, ತಟ್ಟೆಯಲ್ಲಿ ಉಳಿಯುವ ಎಣ್ಣೆಯ ರಸವನ್ನು ಬ್ರೆಡ್ಡಿನಿಂದ ಒರೆಸಿ ತಿನ್ನದಿದ್ದರೆ ಆ ಊಟ ಅರ್ಧವೇ.

ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತಿದ್ದರೆ ಅದು ಹೆಪ್ಪುಗಟ್ಟಿಸಿ ಇಟ್ಟ ಪದಾರ್ಥ. ಬೊಂಡಾಸ್ (ಸ್ಕ್ವಿಡ್), ಸಿಗಡಿಯ ಪಕ್ಕದಲ್ಲಿ ಇದು ಸಾಮಾನ್ಯ. ಮೀನಿನ ಬೆಲೆ ಕಿಲೋ ಲೆಕ್ಕದಲ್ಲಿರುತ್ತದೆ, ಅದನ್ನು ತಟ್ಟೆಯ ಬೆಲೆ ಎಂದು ಓದಿಕೊಳ್ಳಬೇಡಿ. ಬಾಟಲಿಯಲ್ಲಲ್ಲದೆ ಬಿಡಿಯಾಗಿ ಕೊಡುವ ವೈನನ್ನೂ ಕಿಲೋದಲ್ಲೇ ಅಳೆಯುತ್ತಾರೆ, ಅರ್ಧ ಕಿಲೋ ಎಂದರೆ ಸುಮಾರು ಅರ್ಧ ಲೀಟರ್.

ಅತ್ತೆಯ ತಟ್ಟೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನನ್ನ ಮಟ್ಟಿಗೆ ಗ್ರೀಕ್ ಅಡುಗೆಯ ಜೀವ ಇರುವುದು ಇಲ್ಲೇ.

‘ಲದೆರಾ’ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ತರಕಾರಿಯನ್ನು ಈರುಳ್ಳಿ, ಟೊಮೇಟೊ, ಧಾರಾಳವಾದ ಆಲಿವ್ ಎಣ್ಣೆ ಹಾಕಿ ಮೆಲ್ಲನೆ ಬೇಯಿಸಿದ ಅಡುಗೆಗಳೆಲ್ಲ ಈ ಗುಂಪಿಗೆ ಸೇರುತ್ತವೆ. ಹುರುಳಿಕಾಯಿಯದು ಫಸೊಲಾಕಿಯಾ. ಬೆಂಡೆಕಾಯಿಯದು ಬಾಮಿಯೆಸ್, ಬೆರಳಿನ ಒಂದು ಗೆಣ್ಣಿನಷ್ಟು ಎಳೆಯ ಬೆಂಡೆಯನ್ನು ಹೆಚ್ಚದೆ ಇಡಿಯಾಗಿ ಹಾಕುತ್ತಾರೆ. ಬದನೆ, ಆಲೂಗಡ್ಡೆ, ಸೀಮೆಸೌತೆ (ಜುಕೀನಿ), ದೊಣ್ಣೆಮೆಣಸು ಎಲ್ಲ ಸೇರಿಸಿ ಒಲೆಯಲ್ಲಿ ಬೇಯಿಸಿದ್ದು ಬ್ರಿಯಾಮ್. ಅವರೆಕಾಳಿಗಿಂತ ದೊಡ್ಡದಾದ ಬಿಳಿ ಕಾಳನ್ನು ಟೊಮೇಟೊ ರಸದಲ್ಲಿ ಬೇಯಿಸಿದ್ದು ಯೀಗಂತೆಸ್. ಒಂದು ತಟ್ಟೆಗೆ ಸುಮಾರು ಏಳೆಂಟು ಯೂರೋದಿಂದ ಹತ್ತರವರೆಗೆ ಬೆಲೆ. ಇವು ಬಿಸಿಬಿಸಿಯಾಗಿ ಬರುವುದಿಲ್ಲ, ಉಗುರುಬೆಚ್ಚಗಿರುತ್ತವೆ. ಅದು ತಾತ್ಸಾರವಲ್ಲ, ಎಣ್ಣೆ ಮತ್ತು ಟೊಮೇಟೊ ಕೂಡಿಕೊಂಡು ರುಚಿ ನಿಲ್ಲುವುದು ಆರಿದ ಮೇಲೆಯೇ ಎಂದು ಅವರ ನಂಬಿಕೆ, ನನಗೂ ಹಾಗೇ ಅನಿಸುತ್ತದೆ. ಬಿಸಿ ಮಾಡಿಕೊಡಿ ಎಂದರೆ ಮಾಡಿಕೊಡುತ್ತಾರೆ.

ಯೆಮಿಸ್ತಾ ಒಂದನ್ನು ಬಿಡಬೇಡಿ. ದೊಡ್ಡ ಟೊಮೇಟೊ, ಹಸಿರು ದೊಣ್ಣೆಮೆಣಸುಗಳ ಒಡಲು ತೆಗೆದು, ಅಕ್ಕಿ, ಪುದೀನ, ಪಾರ್ಸ್ಲಿ ಸೊಪ್ಪು, ಆ ಟೊಮೇಟೊದ್ದೇ ತಿರುಳು ಸೇರಿಸಿ ತುಂಬಿ, ಕತ್ತರಿಸಿದ ತಲೆಯನ್ನು ಮುಚ್ಚಳದಂತೆ ಮತ್ತೆ ಇಟ್ಟು ಒಲೆಗೆ ಹಾಕುತ್ತಾರೆ. ತಟ್ಟೆಯಲ್ಲಿ ಸಾಲಾಗಿ ಕುಳಿತ ಟೊಮೇಟೊಗಳ ಮುಚ್ಚಳದ ಅಂಚು ಕಪ್ಪಾಗಿ ಸುಕ್ಕುಗಟ್ಟಿರುತ್ತದೆ. ಸಂದಿಯಲ್ಲಿ ತುರುಕಿದ ಆಲೂಗಡ್ಡೆ ಹೋಳುಗಳು ರಸ ಕುಡಿದು ಕೇಸರಿ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಮಾತ್ರ ಗರಿಗರಿಯಾಗಿರುತ್ತವೆ. ಮಾವನವರು ಟೊಮೇಟೊ ಬಿಟ್ಟು ಆ ಆಲೂಗಡ್ಡೆಗೇ ಮೊದಲು ಕೈಹಾಕುತ್ತಾರೆ. ಒಂದು ಎಚ್ಚರಿಕೆ: ಕೆಲವರು ಅಕ್ಕಿಯ ಜೊತೆ ಕೊಚ್ಚಿದ ಮಾಂಸವನ್ನೂ ತುಂಬುತ್ತಾರೆ. ಮಾಂಸವಿಲ್ಲದ್ದಕ್ಕೆ ‘ಓರ್ಫನಾ’ ಎನ್ನುವುದುಂಟು. ತಟ್ಟೆ ಮೇಜಿಗೆ ಬರುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಸೊಪ್ಪು ತಿನ್ನುವವರಿಗೆ ಕ್ರೀಟ್ ತವರುಮನೆ. ‘ಹೋರ್ತಾ’ ಎಂದರೆ ಬೇಯಿಸಿದ ಸೊಪ್ಪು, ಮೇಲೆ ಆಲಿವ್ ಎಣ್ಣೆ, ಪಕ್ಕದಲ್ಲಿ ನಿಂಬೆಹಣ್ಣು. ಬೇಸಿಗೆಯಲ್ಲಿ ಬರುವ ‘ವ್ಲೀತಾ’ ನಮ್ಮ ಹರಿವೆಯ ಕುಲದ್ದೇ ಸೊಪ್ಪು, ದಂಟಿನ ಸಮೇತ ಬೇಯಿಸಿರುತ್ತಾರೆ. ಸ್ವಲ್ಪ ಕಹಿ ಬೇಕಾದವರು ‘ಸ್ತಮ್ನಗಾಥಿ’ ಕೇಳಬಹುದು, ಕ್ರೀಟ್‌ನವರಿಗೆ ಅದು ಅಚ್ಚುಮೆಚ್ಚು.

ಫಾವಾ ಎಂದರೆ ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿ, ಹಸಿ ಈರುಳ್ಳಿ, ಎಣ್ಣೆ ಹಾಕಿದ್ದು; ಒಗ್ಗರಣೆ ಹಾಕದ ಗಟ್ಟಿ ತೊವ್ವೆಯಂತೆ ಇರುತ್ತದೆ. ಮೂರು ದಿನ ಅನ್ನ ಸಾರಿಲ್ಲದೆ ಬೇಸತ್ತ ಹಿರಿಯರಿಗೆ ಇದನ್ನು ಮೊದಲು ತರಿಸಿ. ಖಾರ ಬೇಕೆಂದರೆ ‘ಬೂಕೊವೊ’ ಇದೆಯೇ ಎಂದು ಕೇಳಿ, ಒಣಮೆಣಸಿನ ತರಿ ತಂದುಕೊಡುತ್ತಾರೆ. ಮೆನುವಿನಲ್ಲಿ ಅದು ಇರುವುದಿಲ್ಲ, ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆಯುವ ಮೊದಲು ಇದನ್ನು ಕೇಳುವುದು ಮರ್ಯಾದೆ.

ಇನ್ನು ಕ್ರೀಟ್‌ನದೇ ಆದವು. ‘ದಾಕೋಸ್’ ಒಣಗಿಸಿದ ಬಾರ್ಲಿ ರೊಟ್ಟಿಯ ಮೇಲೆ ತುರಿದ ಟೊಮೇಟೊ, ಮಿಝಿತ್ರಾ ಎಂಬ ಮೃದುವಾದ ಚೀಸ್, ಒರೆಗಾನೊ, ಎಣ್ಣೆ ಹಾಕಿದ್ದು. ಬಂದ ತಕ್ಷಣ ಮುರಿಯಬೇಡಿ, ರೊಟ್ಟಿ ರಸ ಹೀರಿ ಮೆತ್ತಗಾಗಲು ಐದು ನಿಮಿಷ ಬಿಡಿ; ಹಿರಿಯರ ಹಲ್ಲಿಗಂತೂ ಇದು ಅಗತ್ಯ. ಹನಿಯಾ ಕಡೆಯ ‘ಬುರೇಕಿ’ ಆಲೂಗಡ್ಡೆ, ಸೀಮೆಸೌತೆ, ಮಿಝಿತ್ರಾ, ಪುದೀನ ಪದರಪದರವಾಗಿ ಹಾಕಿ ಬೇಯಿಸಿದ್ದು. ಸೊಪ್ಪನ್ನೋ ಚೀಸನ್ನೋ ತುಂಬಿದ ಪುಟ್ಟ ಕಡುಬು ‘ಕಲಿತ್ಸೂನಿಯಾ’, ಮಕ್ಕಳಿಗೆ ಹೇಳಿ ಮಾಡಿಸಿದ ತಿಂಡಿ.

ಹಳ್ಳಿಯ ಸಲಾಡ್ ‘ಹೋರಿಯಾತಿಕಿ’ ಎಲ್ಲರಿಗೂ ಗೊತ್ತು: ಟೊಮೇಟೊ, ಸೌತೆಕಾಯಿ, ಈರುಳ್ಳಿ, ಹಸಿರು ದೊಣ್ಣೆಮೆಣಸು, ಆಲಿವ್, ಮೇಲೊಂದು ಫೆಟಾ ಚೀಸಿನ ಹಲಗೆ. ಇಬ್ಬರಿಗೆ ಒಂದು ಸಾಕು. ಲೆಟಿಸ್ ಎಲೆ ತುಂಬಿಸಿ ಕೊಟ್ಟ ಜಾಗಕ್ಕೆ ನಾನು ಮತ್ತೆ ಹೋಗುವುದಿಲ್ಲ.

ಸಸ್ಯಾಹಾರಿ ಎಡವುವ ಜಾಗಗಳು

ಕ್ರೀಟ್‌ನಲ್ಲಿ ಬೆಳ್ಳಗೆ, ಮೆತ್ತಗೆ, ನೋಡಲು ಬರೀ ಅನ್ನದಂತಿರುವ ‘ಗಮೋಪಿಲಾಫೋ’ ಎಂಬ ಅಡುಗೆಯಿದೆ. ಮದುವೆಮನೆಯ ಅನ್ನ. ಅದನ್ನು ಬೇಯಿಸುವುದು ಮಾಂಸದ ಸಾರಿನಲ್ಲಿ. ಮಾಂಸದ ತುಂಡು ಒಂದೂ ಕಾಣದ್ದರಿಂದ ಮೊಸರು ಕಲಸಿಕೊಂಡು ತಿನ್ನೋಣವೆಂದು ನಮ್ಮವರು ಆಸೆಪಡುತ್ತಾರೆ. ದಯವಿಟ್ಟು ಹಿರಿಯರಿಗೆ ಮೊದಲೇ ತಿಳಿಸಿಬಿಡಿ.

‘ತರಮೊಸಲಾತಾ’ ತಿಳಿಗುಲಾಬಿ ಬಣ್ಣದ ನುಣ್ಣನೆಯ ವ್ಯಂಜನ, ಮೀನಿನ ಮೊಟ್ಟೆಯದು. ಅದರ ಪಕ್ಕದಲ್ಲೇ ಮೆನುವಿನಲ್ಲಿರುವ ‘ಮೆಲಿತ್ಸಾನೊಸಲಾತಾ’ ಸುಟ್ಟ ಬದನೆಕಾಯಿಯದು, ‘ತ್ಸಾತ್ಸಿಕಿ’ ಮೊಸರು, ಸೌತೆಕಾಯಿ, ಬೆಳ್ಳುಳ್ಳಿಯದು, ಇವೆರಡೂ ತಿನ್ನಬಹುದು. ಆದರೆ ಬದನೆಯದಕ್ಕೆ ಕೆಲವರು ಮೊಟ್ಟೆ ಹಾಕಿದ ಮಯೊನೀಸ್ ಸೇರಿಸುವುದುಂಟು, ಕೇಳಿ ತರಿಸಿ. ಸೀಮೆಸೌತೆಯ ವಡೆಗಳಿಗೆ, ಅಂದರೆ ‘ಕೊಲೊಕಿಥೊಕೆಫ್ತೇದೆಸ್’ಗೆ, ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ. ದ್ರಾಕ್ಷಿ ಎಲೆಯ ಸುರುಳಿ ‘ದೊಲ್ಮಾದೆಸ್’ ಮಾಂಸವಿಲ್ಲದೆಯೂ ಇರುತ್ತದೆ, ಮಾಂಸ ಹಾಕಿಯೂ ಇರುತ್ತದೆ; ಮೇಲೆ ಹಳದಿ ರಸ ಸುರಿದಿದ್ದರೆ ಅದು ಮೊಟ್ಟೆ ಮತ್ತು ನಿಂಬೆಯದು. ಮುಸಾಕಾ ಬದನೆಕಾಯಿಯದೆಂದು ನಂಬಬೇಡಿ, ನಡುವೆ ಕೊಚ್ಚಿದ ಮಾಂಸವಿರುತ್ತದೆ. ಕರಿದ ಆಲೂಗಡ್ಡೆ, ಬೊಂಡಾಸ್ ಎರಡೂ ಒಂದೇ ಎಣ್ಣೆಯಲ್ಲಿ ಕುದಿಯುತ್ತಿರಬಹುದು. ಗ್ರೀಕ್ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಸಲು ಹೆಚ್ಚಾಗಿ ಕರು, ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪನ್ನೇ ಬಳಸುತ್ತಾರೆ. ಇದು ಗೊತ್ತಾದ ಮೇಲೆ ನಮ್ಮ ಅತ್ತೆ ಫೆಟಾ ಬಿಟ್ಟರು, ಮಾವನವರು ಬಿಡಲಿಲ್ಲ. ಅದು ಅವರವರ ತೀರ್ಮಾನ, ಆದರೆ ತಿಳಿಸುವುದು ಕರೆದುಕೊಂಡು ಹೋದವರ ಜವಾಬ್ದಾರಿ.

ಇನ್ನೊಂದು ಮಾತು ಬಹಳ ಉಪಯೋಗಕ್ಕೆ ಬರುವಂಥದ್ದು: ‘ನಿಸ್ತೀಸಿಮೊ’, ಎಂದರೆ ವ್ರತಕ್ಕೆ ನಡೆಯುವ ಅಡುಗೆ. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮುನ್ನ ಹಲವು ವಾರ, ಆಗಸ್ಟ್ 1ರಿಂದ 14ರವರೆಗೆ, ಜೊತೆಗೆ ವರ್ಷದ ಬಹುಪಾಲು ಬುಧವಾರ, ಶುಕ್ರವಾರಗಳಂದು ವ್ರತ ಹಿಡಿಯುತ್ತಾರೆ. ವ್ರತದಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ನಿಮ್ಮ ಬೇಡಿಕೆಯನ್ನು ಈ ಮಾತಿನಲ್ಲಿ ಹೇಳಿದರೆ ವಯಸ್ಸಾದ ಅಡುಗೆಯವರಿಗೆ ಥಟ್ಟನೆ ಅರ್ಥವಾಗುತ್ತದೆ, ಗೌರವದಿಂದ ಬಡಿಸುತ್ತಾರೆ. ಆದರೆ ಅವರ ವ್ರತಕ್ಕೆ ಅಷ್ಟಪದಿ (ಆಕ್ಟೋಪಸ್), ಬೊಂಡಾಸ್, ಸಿಗಡಿ, ಚಿಪ್ಪುಮೀನು ನಡೆಯುತ್ತವೆ. ಹಾಗಾಗಿ ‘ನಿಸ್ತೀಸಿಮೊ’ ಎಂದ ಮೇಲೆ ಸಮುದ್ರದ್ದೂ ಬೇಡ ಎಂದು ಸೇರಿಸಲೇಬೇಕು.

ಹೇಳುವುದು ಹೀಗೆ: ‘ಹೋರಿಸ್ ಕ್ರೇಆಸ್, ಹೋರಿಸ್ ಪ್ಸಾರಿ, ಹೋರಿಸ್ ಅವ್ಗೊ’, ಎಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದೆ. ಅವರು ‘ನೇ’ ಎಂದರೆ ಹೌದು. ಹುಬ್ಬೇರಿಸಿ ತಲೆಯನ್ನು ಹಿಂದಕ್ಕೆ ಎತ್ತಿದರೆ ಇಲ್ಲ. ನಮ್ಮ ಹಾಗೆ ತಲೆಯನ್ನು ಅತ್ತಿತ್ತ ಆಡಿಸಿದರೆ ಅವರಿಗೆ ಏನೂ ತಿಳಿಯುವುದಿಲ್ಲ, ಬಾಯಿ ಬಿಟ್ಟೇ ಉತ್ತರ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ಲದೆರಾ ಆಗುವುದಿಲ್ಲ. ಹೋರ್ತಾ, ಈರುಳ್ಳಿ ಹಾಕದ ಸಲಾಡ್, ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆ, ಮೊಸರು, ಹಣ್ಣು ಇವುಗಳಲ್ಲೇ ಊಟ ಹೊಂದಿಸಬೇಕು.

ಮೀನು ತಿನ್ನುವವರಿಗೆ

ತಂಗಿಯ ಗಂಡನಿಗೆ ನಾನು ಕಲಿಸಬೇಕಾದ್ದು ಏನೂ ಇರಲಿಲ್ಲ. ಮಂಜುಗಡ್ಡೆಯ ಮೇಲಿಟ್ಟ ಮೀನಿನ ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತಾನೆ, ಕಣ್ಣು ಉಬ್ಬಿದೆಯೇ ಎಂದು ನೋಡುತ್ತಾನೆ, ಆಮೇಲೆ ಮಾತು. ನೀವೂ ಹಾಗೇ ಮಾಡಿ: ಮೀನನ್ನು ನೋಡಿ ಆರಿಸಿ, ಬೇಯಿಸುವ ಮೊದಲು ನಿಮ್ಮೆದುರಿಗೇ ತೂಗಿಸಿ, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ಕಡಲಲ್ಲಿ ಹಿಡಿದ ದೊಡ್ಡ ಮೀನು ಕಿಲೋಗೆ 50 ಯೂರೋ ದಾಟುವುದು ಸಾಮಾನ್ಯ. ತೂಗಿಸದೆ ಒಪ್ಪಿಕೊಂಡರೆ ಬಿಲ್ಲು ನೋಡಿ ಎದೆ ಧಸಕ್ಕೆನ್ನುತ್ತದೆ. ‘ತ್ಸಿಪೂರಾ’, ‘ಲವ್ರಾಕಿ’ ಎಂಬೆರಡು ಮೀನುಗಳು ಅಗ್ಗಕ್ಕೆ ಸಿಕ್ಕರೆ ಅವು ಸಾಕಣೆಯವು. ನನ್ನ ಸಲಹೆ ಸಣ್ಣ ಮೀನು. ಸಾರ್ಡೀನ್ ಎಂದರೆ ನಮ್ಮ ಬೂತಾಯಿಯ ಬಳಗ, ಕೆಂಡದಲ್ಲಿ ಸುಟ್ಟು ನಿಂಬೆ ಹಿಂಡಿ ಕೊಡುತ್ತಾರೆ, ಬೆಲೆಯೂ ಕಡಿಮೆ. ಮಸಾಲೆ ಇರುವುದಿಲ್ಲ, ಉಪ್ಪು, ನಿಂಬೆ, ಎಣ್ಣೆ ಅಷ್ಟೇ. ಮೀನು ತಾಜಾ ಆಗಿದ್ದರೆ ಅಷ್ಟೇ ಸಾಕು ಎಂಬುದನ್ನು ಅವನೂ ಒಪ್ಪಿಕೊಂಡಿದ್ದಾನೆ.

ಮಾಂಸಾಹಾರಿಗಳು ಹೆಚ್ಚಿದ್ದರೆ ಭಾನುವಾರ ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಕಮರಿಯ ರಸ್ತೆ ಹಿಡಿದು ಥೆರಿಸೊಗೆ ಹೋಗಬಹುದು. ಹನಿಯಾದಿಂದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರ್. 1905ರಲ್ಲಿ, ಮುಂದೆ ಗ್ರೀಸಿನ ಪ್ರಧಾನಿಯಾದ ವೆನಿಜೆಲೋಸ್ ಮುಂದಾಳತ್ವದಲ್ಲಿ ದಂಗೆ ಎದ್ದ ಊರು ಅದು. ಈಗ ಕುರಿಮಾಂಸ ಸುಡುವ ತವೆರ್ನಾಗಳಿಗೆ ಹೆಸರಾಗಿದೆ, ಸ್ಥಳೀಯರೇ ಸಂಸಾರ ಸಮೇತ ಬಂದಿರುತ್ತಾರೆ.

ಮೇಜಿನಲ್ಲಿ

ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಹೇಳಬೇಡಿ. ಎಲ್ಲವೂ ನಡುವಿಗೆ ಬರುತ್ತದೆ, ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಆರು ಜನಕ್ಕೆ ಮೊದಲು ಐದು ಬಗೆ ತರಿಸಿ, ಸಾಲದಿದ್ದರೆ ಮತ್ತೆ ಕೇಳಿ. ಅಲ್ಲಿನ ತಟ್ಟೆಗಳು ದೊಡ್ಡವು. ಅಡುಗೆಮನೆಯಲ್ಲಿ ಯಾವುದು ಮೊದಲು ತಯಾರಾಯಿತೋ ಅದು ಮೊದಲು ಬರುತ್ತದೆ, ಕ್ರಮವೇನೂ ಇಲ್ಲ. ಸಸ್ಯಾಹಾರದ ತಟ್ಟೆಗಳು ಮೇಜಿನ ಒಂದು ತುದಿ, ಮೀನು ಇನ್ನೊಂದು ತುದಿ ಎಂದು ಮಾಣಿಗೆ ಮೊದಲೇ ಹೇಳಿ, ಬಡಿಸುವ ಚಮಚವನ್ನೂ ಬೇರೆಬೇರೆ ಕೇಳಿ. ನಾವು ಹೀಗೇ ಮಾಡುತ್ತೇವೆ, ಯಾರೂ ಹುಬ್ಬು ಗಂಟಿಕ್ಕಿದ್ದಿಲ್ಲ. ಹೊರಾಂಗಣದಲ್ಲಿ ಪಕ್ಕದ ಮೇಜಿನವರು ಸಿಗರೇಟು ಸೇದುತ್ತಾರೆ. ಹೊಗೆ ಆಗದವರಿದ್ದರೆ ಗಾಳಿ ಬೀಸುವ ಕಡೆ ನೋಡಿಕೊಂಡು ಕುಳಿತುಕೊಳ್ಳಿ. ಕಾಲಬುಡಕ್ಕೆ ಬೆಕ್ಕುಗಳು ಬಂದೇ ಬರುತ್ತವೆ.

ಎದ್ದು ಹೋಗಿ ಎಂದು ಯಾರೂ ಅವಸರ ಮಾಡುವುದಿಲ್ಲ. ಹಾಗೆಯೇ, ನೀವು ಕೇಳುವವರೆಗೆ ಬಿಲ್ಲೂ ಬರುವುದಿಲ್ಲ. ‘ತೊನ್ ಲೊಗರ್ಯಾಸ್ಮೊ, ಪರಕಲೊ’ ಎನ್ನಿ. ಬಿಲ್ಲಿನ ಜೊತೆಗೋ ಅದಕ್ಕೂ ಮೊದಲೋ ಕಲ್ಲಂಗಡಿ ಹೋಳುಗಳು, ಸಿಹಿಯ ತುಂಡು, ಪುಟ್ಟ ಸೀಸೆಯಲ್ಲಿ ರಾಕಿ ಬರುತ್ತವೆ. ಕ್ರೀಟ್‌ನಲ್ಲಿ ಇದು ಮನೆಯವರ ಕೊಡುಗೆ, ದುಡ್ಡಿಲ್ಲ. ರಾಕಿ ದ್ರಾಕ್ಷಿ ಹಿಂಡಿದ ಚರಟದಿಂದ ಭಟ್ಟಿ ಇಳಿಸಿದ ಗಡುಸು ಮದ್ಯ. ಕುಡಿಯದವರು ಎದೆಯ ಮೇಲೆ ಕೈಯಿಟ್ಟು ‘ಎಫ್ಹರಿಸ್ತೋ’ (ಧನ್ಯವಾದ) ಎಂದರೆ ಸಾಕು. ಹಣ್ಣನ್ನು ಮಾತ್ರ ಹಾಗೇ ಬಿಟ್ಟು ಏಳಬೇಡಿ.

ಬಿಲ್ಲಿನಲ್ಲಿ ತೆರಿಗೆ ಸೇರಿರುತ್ತದೆ. ಕಾರ್ಡ್ ನಡೆಯುತ್ತದೆ. ಸೇವೆ ಹಿಡಿಸಿದರೆ ಮೊತ್ತವನ್ನು ಮೇಲಕ್ಕೆ ದುಂಡಾಗಿಸಿ, ಅಥವಾ ಐದರಿಂದ ಹತ್ತು ಶೇಕಡ ನಗದಾಗಿ ಮೇಜಿನ ಮೇಲಿಡಿ. ಬರೀ ಚೀಟಿಯ ಮೇಲೆ ಪೆನ್ನಿನಲ್ಲಿ ಗೀಚಿದ ಲೆಕ್ಕ ತಂದರೆ ಮುದ್ರಿತ ರಸೀದಿ ಕೇಳಿ. ರಸೀದಿ ಕೊಡದಿದ್ದರೆ ಗ್ರಾಹಕ ಹಣ ಕೊಡಬೇಕಾಗಿಲ್ಲ ಎಂದು ಅಲ್ಲಿನ ಮೆನುಗಳಲ್ಲೇ ಅಚ್ಚಾಗಿರುತ್ತದೆ. ಒಂದು ಕಡೆ ನಮಗೆ ತಿನ್ನದ ಮೀನೊಂದು ಬಿಲ್ಲಿಗೆ ಸೇರಿತ್ತು. ಮುದ್ರಿತ ರಸೀದಿ ಕೇಳಿದ ಕೂಡಲೇ ಲೆಕ್ಕ ಸರಿಹೋಯಿತು. ಸಾಲುಸಾಲಾಗಿ ಓದಿ, ಕುವೆರ್ ಎಷ್ಟು ಜನಕ್ಕೆ ಹಾಕಿದ್ದಾರೆ, ನೀರಿನ ಬಾಟಲಿ ಎಷ್ಟು, ಮೀನಿನ ತೂಕ ಎಷ್ಟು ನೋಡಿ, ಆಮೇಲೆ ಕಾರ್ಡ್ ಕೊಡಿ.

ಊಟ ಚೆನ್ನಾಗಿದ್ದರೆ ಹೊರಡುವ ಮೊದಲು ಅಡುಗೆಮನೆಯ ಬಾಗಿಲವರೆಗೆ ಹೋಗಿ ಹೇಳಿ, ನಾಳೆ ಏನು ಬೇಯಿಸುತ್ತೀರಿ ಎಂದೂ ಕೇಳಿ. ಬೆಂಡೆಕಾಯಿ ಎಂದರೆ ಎರಡು ಗಂಟೆಗೆ ಒಂದು ಮೇಜು ಹಿಡಿದಿಡಲು ಅಲ್ಲೇ ಹೆಸರು ಬರೆಸಿ.